ಹವಳದ ದಿಬ್ಬದ ಮೇಲೆ ನಮ್ಮ ಭಾವ

ನಮ್ಮ ಭಾವ ಅಡವಯ್ಯನಿಗೆ ಈಗ ಐವತ್ತಮೂರು ವರ್ಷ. ನಿಡುಗಲ್ ಬೆಟ್ಟದ ಬುಡದಲ್ಲಿ ಮನೆ. ಎರಡು ಎಕರೆ ಕಡಲೆಕಾಯಿ ಹೊಲ, ಅದರ ಜೊತೆಗೆ ಸೋಲಾರ್ ಪ್ಲೇಟು ಕೂರಿಸುವ ಕೆಲಸ. ಆಳು ಕುಳ್ಳ, ಎದೆ ಮಾತ್ರ ನೀರು ತುಂಬುವ ಹರವಿಯ ಹಾಗೆ ಉಬ್ಬಿದೆ. ಬಸ್‌ಸ್ಟಾಂಡಿನಲ್ಲಿ ನಿಂತಿದ್ದರೆ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಇಂಥವನು ಸಮುದ್ರದ ನಡುವಿನ ದ್ವೀಪಕ್ಕೆ ಹೋಗಿ, ಹಲಗೆ ಹಿಡಿದು ಅಲೆ ಹತ್ತಲು ನೋಡಿದ ಎಂದರೆ ನಮ್ಮ ಕಡೆ ನಗುತ್ತಾರೆ. ದೊಡ್ಡೇರಿಯ ಟೀ ಅಂಗಡಿಯಲ್ಲಿ ಒಬ್ಬ ಹಾಗೆ ನಕ್ಕಾಗ ನಾನು ಲೋಟ ಕೆಳಗಿಟ್ಟು ಅವನ ಕೊರಳಪಟ್ಟಿ ಹಿಡಿದೆ. ನಾಲ್ಕು ಜನ ಬಿಡಿಸಿದರು. ಕೊರಳಪಟ್ಟಿ ಹಿಡಿದರೆ ಯಾರೂ ನಂಬುವುದಿಲ್ಲ ಎಂದು ಆಮೇಲೆ ಹೊಳೆಯಿತು. ಅದಕ್ಕೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಭಾವ ಬೆಳೆಯುವ ಕಾಲಕ್ಕೆ ಊರಿನ ಸುತ್ತ ಕಲ್ಲು ಕಟ್ಟಡದ ಬಾವಿಗಳಿದ್ದವು. ನಲವತ್ತು ಅಡಿ, ಐವತ್ತು ಅಡಿ ಆಳ. ಎಂಟನೇ ವಯಸ್ಸಿಗೆ ಅವನ ಬೆನ್ನಿಗೆ ಒಣಗಿದ ಕತ್ತಾಳೆ ಬೆಂಡು ಕಟ್ಟಿ ಅವನಪ್ಪ ನೀರಿಗೆ ತಳ್ಳಿದ್ದ. ಹದಿನೈದಕ್ಕೆ ಅವನೇ ಬೇರೆಯವರನ್ನು ತಳ್ಳುತ್ತಿದ್ದ. ನಮ್ಮಲ್ಲಿ ಒಬ್ಬನಿಗೆ ಈಜು ಬಂತು ಎನ್ನಬೇಕಾದರೆ ಅವನು ಬಾವಿಯ ತಳ ಮುಟ್ಟಿ, ಒಂದು ಹಿಡಿ ಕೆಸರು ತಂದು ಮೆಟ್ಟಿಲ ಮೇಲೆ ಇಡಬೇಕಿತ್ತು. ಇಡದವನು ಎಷ್ಟು ಕೈಕಾಲು ಬಡಿದರೂ ಈಜುಗಾರನಲ್ಲ. ನೀರಿನಲ್ಲಿ ಗಾಬರಿಯಾದರೆ ಏನು ಮಾಡಬೇಕು ಎಂಬುದಕ್ಕೂ ಭಾವನದು ಒಂದೇ ಪಾಠ.

"ಮೇಲೆ ಬರಕ್ಕೆ ಒದ್ದಾಡ್ಬ್ಯಾಡ ಕಣ್ಲಾ. ಕಾಲು ನೆಟ್ಟಗೆ ಮಾಡ್ಕಂಡು ಕೆಳಕ್ಕೆ ಹೋಗು. ತಳ ಸಿಕ್ಕೇ ಸಿಗ್ತದೆ. ಜಾಡ್ಸಿ ಒಂದು ಒದಿ, ಮೇಲಿರ್ತೀಯ."

ನನಗೂ ಹೀಗೇ ಕಲಿಸಿದ್ದು. ಬಾವಿಗೆ ಕೊಡ ಬಿದ್ದರೆ, ಪಂಪಿನ ಕೊಳವೆಯ ತುದಿಯ ಫುಟ್‌ವಾಲ್ವಿಗೆ ಕಸ ಕಟ್ಟಿದರೆ, ಸುತ್ತಲ ಊರುಗಳವರು ಅವನನ್ನೇ ಕರೆಯುತ್ತಿದ್ದರು. ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡೇ ಇಳಿಯುತ್ತಿದ್ದ ಎಂದು ಹೇಳುವವರಿದ್ದಾರೆ. ಅದು ಸುಳ್ಳು. ಬೀಡಿಯನ್ನು ನನ್ನ ಕೈಗೆ ಕೊಟ್ಟು ಇಳಿಯುತ್ತಿದ್ದ.

ಆಮೇಲೆ ಬೋರ್‌ವೆಲ್ ಬಂದವು, ಬಾವಿಗಳು ಒಂದೊಂದಾಗಿ ಬತ್ತಿದವು. ಒಂದರಲ್ಲಿ ಜಾಲಿ ಬೆಳೆಯಿತು, ಒಂದಕ್ಕೆ ಕಸ ತುಂಬಿದರು. ಭಾವ ಅದಕ್ಕೆ ಗೋಳಾಡಿದವನಲ್ಲ. ಪಾವಗಡದ ಕಡೆ ಸೋಲಾರ್ ಕೆಲಸ ಬಂದಾಗ ಸ್ಪ್ಯಾನರ್ ಹಿಡಿಯಲು ಕಲಿತ, ನನ್ನನ್ನೂ ಜೊತೆಗೆ ಹಾಕಿಕೊಂಡ. ಆದರೆ ಈಜು ಬಲ್ಲವನು ಇಪ್ಪತ್ತು ವರ್ಷ ಈಜದೆ ಇದ್ದ. ಸಿದ್ದರಬೆಟ್ಟಕ್ಕೆ ಹೋದಾಗ ಅಲ್ಲಿಯ ತೀರ್ಥದ ನೀರು ತಲೆಗೆ ಚಿಮುಕಿಸಿಕೊಂಡು, ಕೈ ಒಣಗುವವರೆಗೆ ಅಂಗೈಯನ್ನೇ ನೋಡುತ್ತ ನಿಂತಿದ್ದನ್ನು ನಾನು ಕಂಡಿದ್ದೇನೆ.

ಹೋದ ವರ್ಷ ಮಾರ್ಚಿನಲ್ಲಿ ಒಬ್ಬ ಕಂಟ್ರಾಕ್ಟರು ಅಂಡಮಾನಿನ ಕೆಳತುದಿಯ ಪುಟ್ಟ ದ್ವೀಪವೊಂದರಲ್ಲಿ ಪ್ಲೇಟು ಕೂರಿಸುವುದಿದೆ ಎಂದು ನಮ್ಮ ಕಡೆಯ ಆರು ಜನರನ್ನು ಒಪ್ಪಿಸಿದ. ಹೊರಡುವ ದಿನ ನಮ್ಮಕ್ಕ ಮಂಜಮ್ಮ ನನ್ನನ್ನು ಹಿತ್ತಲಿಗೆ ಕರೆದಳು.

"ಲೇ ಬೊಮ್ಮ, ಇವ್ರನ್ನ ನೀರಿಗೆ ಬುಡಬ್ಯಾಡ. ನೀರು ಕಂಡ್ರೆ ಇವ್ರು ಮನ್ಸರಾಗಿರಲ್ಲ. ಹೆಂಗೆ ಕರ್ಕಂಡು ಹೋಗ್ತೀಯೋ ಅಂಗೇ ತಂದು ಒಪ್ಪಿಸ್ಬೇಕು."

"ಆಯ್ತು ಕಣಕ್ಕ."

"ಆಯ್ತು ಅಂದ್ರೆ ಸಾಲ್ದು. ನನ್ ಮುಟ್ಟಿ ಹೇಳು."

ಮುಟ್ಟಿ ಹೇಳಿದೆ.

ಚೆನ್ನೈನಿಂದ ಮೂರು ದಿನ ದೊಡ್ಡ ಹಡಗು, ಆಮೇಲೆ ಒಂದು ದಿನ ಚಿಕ್ಕ ಹಡಗು. ನಮ್ಮಲ್ಲಿ ನಾಗಲಿಂಗಯ್ಯ ಎಂಬ ವೈರಿಂಗಿನವನು ಹತ್ತಿದಾಗಿನಿಂದ ಇಳಿಯುವವರೆಗೆ ವಾಂತಿ ಮಾಡಿಕೊಂಡ. ಭಾವ ಮಾತ್ರ ಕಂಬಿ ಹಿಡಿದು ನೀರು ನೋಡುತ್ತ ನಿಂತಿದ್ದ. ದ್ವೀಪದಲ್ಲಿ ಇಳಿದ ಮೇಲೆ ತಿಳಿಯಿತು, ನಮ್ಮ ಪ್ಲೇಟುಗಳನ್ನು ಹೊತ್ತ ಹಡಗು ಇನ್ನೂ ದಡ ಸೇರಿಲ್ಲ. ಸಮುದ್ರ ಎದ್ದಿತ್ತು. ಅಲೆ ಇಳಿಯುವವರೆಗೆ ಆ ಹಡಗು ಬರುವ ಹಾಗಿಲ್ಲ. ನಮಗೆ ಕೆಲಸವಿಲ್ಲ.

ದಡದಿಂದ ಒಂದು ಹೊಲದಾಚೆಗೆ ಎನ್ನುವಷ್ಟು ದೂರದಲ್ಲಿ, ನೀರಿನ ಅಡಿಗೆ ಹವಳದ ದಿಬ್ಬ. ದಿಬ್ಬದ ಈಚೆಗೆ ನೀರು ಕೆರೆಯ ಹಾಗೆ ಸುಮ್ಮನೆ ಇರುತ್ತದೆ. ಆಚೆಯಿಂದ ಬರುವ ಅಲೆ ದಿಬ್ಬಕ್ಕೆ ಎಡವಿ ಏಳುತ್ತದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ನೇಗಿಲ ಬಾಯಲ್ಲಿ ಮಣ್ಣು ಮಗುಚಿದ ಹಾಗೆ ಮಗುಚಿಕೊಂಡು ಹೋಗುತ್ತದೆ. ಎರಡನೇ ದಿನ ಬೆಳಿಗ್ಗೆ ಆ ಮಗುಚುವ ನೀರಿನ ಮುಂದೆ ಒಬ್ಬ ಬಿಳಿಯ ಮನುಷ್ಯ ಹಲಗೆಯ ಮೇಲೆ ನಿಂತು ಜಾರಿ ಬಂದ. ತಲೆ ನರೆತವನು.

"ಬೊಮ್ಮ, ಆ ಯಪ್ಪ ನೀರಿನ ಮ್ಯಾಲೆ ನಿಂತವ್ನೆ ಕಣ್ಲಾ."

"ಕಂಡೆ, ನಡಿ ಭಾವ. ತಿಂಡಿಗೆ ಹೊತ್ತಾಯ್ತು."

"ನಾನೂ ನಿಲ್ಬೇಕು. ಒಂದ್ಸಲ. ಒಂದೇ ಸಲ ನಿಂತು ಬಂದ್ಬುಡ್ತೀನಿ."

ನಾನು ಅಕ್ಕನ ಹೆಸರು ಹೇಳಿದೆ. ಬೈದೆ. ಕೂಗಾಡಿದೆ. ಅವನು ನನ್ನ ಮುಖ ನೋಡಲಿಲ್ಲ.

ಹಲಗೆ ಇದ್ದದ್ದು ಪೆದ್ದಮ್ಮ ಎಂಬಾಕೆಯ ಮನೆಯಲ್ಲಿ. ಆಕೆಯ ಹಿರಿಯರು ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದ ಮೀನುಗಾರರು. ಅಲೆ ಸವಾರಿಗೆ ಬರುವವರಿಗೆ ರೂಮು ಕೊಡುತ್ತಿದ್ದಳು. ಅವರು ಬಿಟ್ಟುಹೋದ ಹಳೇ ಹಲಗೆಗಳು ಕೋಳಿಗೂಡಿನ ಪಕ್ಕ ಒರಗಿದ್ದವು. ಅವಳು ತಾನೇ ಎಂದೂ ಹತ್ತಿದವಳಲ್ಲ. ಆದರೆ ಇಪ್ಪತ್ತು ವರ್ಷದಿಂದ ಮೀನು ಒಣಹಾಕುತ್ತ, ಹತ್ತಿದವರನ್ನೂ ಬಿದ್ದವರನ್ನೂ ನೋಡಿದವಳು. ಆಂಧ್ರದ ಗಡಿಯಲ್ಲಿರುವ ನಮ್ಮ ಪಾವಗಡದವರಿಗೆ ತೆಲುಗು ಮನೆಮಾತಿನಷ್ಟೇ ಸಲೀಸು. ಭಾವ ಕೇಳಿದ ಕೂಡಲೇ ಮಾತು ಹೊಂದಿತು.

ಅವಳು ಮೊದಲು ಅವನನ್ನು ದಿಬ್ಬದ ಒಳಗಡೆಯ ಸುಮ್ಮನಿರುವ ನೀರಿನಲ್ಲಿ ಹಲಗೆಯ ಮೇಲೆ ಬೋರಲು ಮಲಗಿಸಿ ಕೈಯಿಂದಲೇ ಹುಟ್ಟು ಹಾಕುವುದನ್ನು ಕಲಿಸಿದಳು. ಮೂರು ದಿನ ಅದೇ. ನೀರು ಮೈಗೆ ತಾಗಿದ ಮೊದಲ ದಿನ ಭಾವನ ಮುಖ ಬೇರೆಯೇ ಆಗಿತ್ತು. ಅದನ್ನು ನೋಡಿ ನಾನು ಬೈಯುವುದನ್ನು ನಿಲ್ಲಿಸಿದೆ. ನಿಲ್ಲಿಸಿದ್ದು ತಪ್ಪೋ ಸರಿಯೋ ಈಗಲೂ ಗೊತ್ತಿಲ್ಲ.

ನಾಲ್ಕನೇ ದಿನ ಭಾವ ದಿಬ್ಬದ ಕಡೆ ಹೊರಟ. ಪೆದ್ದಮ್ಮ ಬೇಡವೆಂದು ತಲೆಯಾಡಿಸಿದಳು. ನೀರು ಇಳಿದಿದೆ, ಸಂಜೆ ಉಬ್ಬರಕ್ಕೆ ಹೋಗು ಅಂದಳು. ಭಾವ ನಿಲ್ಲುವ ಹಾಗೆ ಕಾಣಲಿಲ್ಲ. ಆಗ ಅವಳು ಕೈಯಲ್ಲಿದ್ದ ಮೀನಿನ ಬುಟ್ಟಿ ಇಳಿಸಿ, ಗಟ್ಟಿಯಾಗಿ ಒಂದು ಮಾತು ಹೇಳಿದಳು.

"ಪಡಿತೇ ಪಡುಕೋ!"

ಬಿದ್ದರೆ ಮಲಗಿಕೋ. ನಮ್ಮ ಕಡೆಯ ತೆಲುಗಿನಲ್ಲಿ ಅದಕ್ಕೆ ಒಂದೇ ಅರ್ಥ. ಬೀಳುವವನು ನೀನು, ಹೋಗಿ ಮನೆಯಲ್ಲಿ ಬಿದ್ದುಕೋ. ನನಗೆ ಪಿತ್ತ ನೆತ್ತಿಗೇರಿತು.

"ಏನಮ್ಮ, ನಿನ್ ಮುರುಕಲು ಹಲಗೆ ಕೊಟ್ಟಿದ್ದೀಯ ಅಂತ ಬಾಯಿಗೆ ಬಂದಂಗೆ ಮಾತಾಡ್ತೀಯ? ನಮ್ ಭಾವ ಬಾವಿ ತಳ ಕಂಡವ್ನು. ನಿಮ್ಮೂರಾಗೆ ಯಾರಾನ ಅವ್ನೆ ಅಂಥೋನು?"

ಅರ್ಧ ಕನ್ನಡ, ಅರ್ಧ ತೆಲುಗು. ಅವಳಿಗೆ ಎಷ್ಟು ತಿಳಿಯಿತೋ, ಮತ್ತೆ ಅದೇ ಮಾತು ಹೇಳಿ ಅಂಗೈ ಚಪ್ಪಟೆ ಮಾಡಿ ಬೀಸಿದಳು. ಅದೂ ನನಗೆ ಹೋಗು ಹೋಗು ಎಂದು ಅಟ್ಟಿದ ಹಾಗೆ ಕಂಡಿತು.

"ನೋಡ್ದಾ ಭಾವ? ನಿನ್ ವಯಸ್ಸಿಗೆ ಹೋಗಿ ಬಿದ್ಕೋ ಅಂತವಳೆ!"

ಭಾವ ಬಗ್ಗಿದ. ಹಲಗೆಯ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡ. ಗಂಟು ಬಿಗಿದ ರೀತಿಯಲ್ಲೇ ಅವನಿಗೂ ಆ ಮಾತು ನಾಟಿದೆ ಎಂದು ಗೊತ್ತಾಯಿತು. ದೋಣಿಗಳು ಹೋಗುವ ಸಂದಿಯಲ್ಲಿ ಕೈಯಿಂದ ಹುಟ್ಟು ಹಾಕಿಕೊಂಡು ಆಚೆ ಹೋದ. ಒಂದು ಅಲೆ ಬಿಟ್ಟ, ಎರಡು ಬಿಟ್ಟ, ಮೂರನೆಯದಕ್ಕೆ ತಿರುಗಿದ. ಅಲೆ ಅವನನ್ನು ಎತ್ತಿತು. ಮೊಣಕಾಲೂರಿದ. ಅಷ್ಟೇ. ಹಲಗೆ ಒಂದು ಕಡೆ, ಅವನು ಒಂದು ಕಡೆ.

ಬಿದ್ದವನು ಎಂಟನೇ ವಯಸ್ಸಿನಿಂದ ಮಾಡಿದ್ದನ್ನೇ ಮಾಡಿದ. ಕಾಲು ನೆಟ್ಟಗೆ ಮಾಡಿ ಕೆಳಕ್ಕೆ ಹೋದ. ತಳ ಸಿಕ್ಕಿತು. ಐವತ್ತಡಿಯಲ್ಲಲ್ಲ, ಸೊಂಟದ ಮಟ್ಟದಲ್ಲೇ ಸಿಕ್ಕಿತು. ಅದೂ ಕೆಸರಲ್ಲ. ಕಾಂಪೌಂಡ್ ಗೋಡೆಯ ಮೇಲೆ ಗಾಜಿನ ಚೂರು ನೆಟ್ಟಿರುತ್ತಾರಲ್ಲ, ಅಂಥದ್ದು. ಅದನ್ನು ಅವನು ಜಾಡಿಸಿ ಒದ್ದ.

ಪೆದ್ದಮ್ಮನ ಕಡೆಯ ದೋಣಿಯವರು ಎತ್ತಿಕೊಂಡು ಬಂದರು. ಬಲಗಾಲಿನ ಅಂಗಾಲು ಹಿಮ್ಮಡಿಯಿಂದ ಬೆರಳಿನವರೆಗೆ ಸೀಳಿತ್ತು. ಆಸ್ಪತ್ರೆಯ ನರ್ಸಮ್ಮ ಚಿಮಟದಲ್ಲಿ ಹವಳದ ಚೂರು ಒಂದೊಂದಾಗಿ ಕಿತ್ತು, ಬ್ರಷ್ಷಿನಲ್ಲಿ ತಿಕ್ಕಿದಳು. ಐವತ್ತಡಿ ಕೆಳಗೆ ಉಸಿರು ಹಿಡಿಯುತ್ತಿದ್ದವನು ಅಲ್ಲಿ ನನ್ನ ಅಂಗಿ ಕಚ್ಚಿಕೊಂಡು ಅತ್ತ. ಹದಿನೈದು ದಿನ ನೀರು ಮುಟ್ಟುವಂತಿಲ್ಲ ಅಂದಳು.

ನಾನು ನೇರ ಪೆದ್ದಮ್ಮನ ಅಂಗಳಕ್ಕೆ ಹೋದೆ. ಆ ಹಲಗೆಯನ್ನು ಕಲ್ಲಿಗೆ ಕುಟ್ಟಿ ಎರಡು ಮಾಡಬೇಕೆಂದು ಎತ್ತಿದೆ. ಅವಳು ಬಂದು ಇನ್ನೊಂದು ತುದಿ ಹಿಡಿದಳು. ಅರವತ್ತರ ಹೆಂಗಸು, ಹಿಡಿತ ಕಬ್ಬಿಣ. ಬೈಯಲಿಲ್ಲ. ಹಲಗೆಯನ್ನು ನನ್ನ ಕೈಯಿಂದ ಬಿಡಿಸಿ, ಜಗುಲಿಯ ಮೇಲಿದ್ದ ಚಾಪೆ ತಂದು ಅಂಗಳದಲ್ಲಿ ಹಾಸಿದಳು. ಅದರ ಮೇಲೆ ದೊಪ್ಪನೆ ಅಂಗಾತ ಬಿದ್ದಳು. ಕೈಕಾಲು ಅಗಲ ಚಾಚಿ, ಕಣ್ಣು ನನ್ನ ಕಡೆ ತಿರುಗಿಸಿ ಹೇಳಿದಳು.

"ಪಡಿತೇ... ಪಡುಕೋ."

ಬಿದ್ದರೆ ನೀರಿನ ಮೇಲೆ ಮಲಗಿಬಿಡು. ಕೆಳಕ್ಕೆ ಹೋಗಬೇಡ. ಅವಳು ಹೇಳಿದ್ದು ಅಷ್ಟೇ. ಅದು ಬೈಗುಳವಲ್ಲ, ಪಾಠ. ಕೋಳಿಗಳು ಅವಳ ಸುತ್ತ ಮೇಯುತ್ತಿದ್ದವು.

ನಾವು ಉಳಿದಿದ್ದ ಶೆಡ್ಡಿಗೆ ಬಂದು ಭಾವನ ಕಾಲ ಹತ್ತಿರ ಕೂತು ಹೇಳಿದೆ. "ಭಾವ, ಆ ಮಾತಿಗೆ ಕೆಟ್ ಅರ್ಥ ಕಟ್ಟಿದ್ದು ನಾನು."

"ನಂಗೂ ತೆಲುಗು ಬರ್ತದಲ್ಲ. ನಾನೂ ಅಂಗೇ ಕೇಳುಸ್ಕಂಡೆ." ಕಾಲನ್ನು ಸ್ವಲ್ಪ ಸರಿಸಿದ. "ಬಯ್ಸಿಕೊಂಡೇ ಅಭ್ಯಾಸ ಆಗೋಗದೆ ಬೊಮ್ಮ ನಮ್ಗೆ. ಯಾರಾನ ಬುದ್ಧಿ ಹೇಳುದ್ರೂ ಬೈದಂಗೇ ಕೇಳುಸ್ತದೆ."

ಅಲೆ ಇಳಿಯಿತು, ಹಡಗು ಬಂತು, ಪ್ಲೇಟು ಬಂದವು. ಭಾವ ಕುಂಟುತ್ತಲೇ ನಟ್ಟು ಬಿಗಿದ. ಸಮುದ್ರ ಈಗ ಎಣ್ಣೆ ಸವರಿದ ಹಾಗೆ ನುಣ್ಣಗೆ. ದಿಬ್ಬದ ಮೇಲೆ ಒಂದು ಗೆರೆಯೂ ಇಲ್ಲ. ಒಂದೇ ಸಲ ಎಂದ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆದರೆ ಬಿಟ್ಟಿಲ್ಲ ಎಂದು ಗೊತ್ತಿತ್ತು. ಊಟಕ್ಕೆ ಕೂತಾಗಲೆಲ್ಲ ಸಮುದ್ರದ ಕಡೆ ಮುಖ.

ಒಂದು ಮಧ್ಯಾಹ್ನ ಪ್ಲೇಟಿನ ನೆರಳಿನಲ್ಲಿ ಕೂತು ತಾನಾಗಿ ಮಾತು ತೆಗೆದ.

"ನಮ್ಮೂರಾಗೆ ಏನ್ ಬೇಕಂದ್ರೂ ಕೆಳಗೇ ಅಲ್ವೇನ್ಲಾ? ನೀರು ಕೆಳಗೆ. ಕಡ್ಲೇಕಾಯಿ ಕೆಳಗೆ. ಅಗೀಬೇಕು, ಇಳೀಬೇಕು, ಕೀಳ್ಬೇಕು. ಕೆಳಕ್ಕೋದ್ರೆ ಬದುಕ್ತೀವಿ ಅಂತ ನನ್ ಕಾಲಿಗೆ ಗೊತ್ತು. ಇಲ್ಲಿ ಕೆಳಕ್ಕೋದ್ರೆ ಕುಯ್ತದೆ. ತಲೆಗೆ ಹೇಳ್ಬೋದು, ಕೇಳ್ತದೆ. ಕಾಲಿಗೆ ಹೆಂಗ್ಲಾ ಹೇಳದು?"

ನನಗೂ ಅದೇ ಕಾಲು.

ಗಾಯ ಒಣಗಿದ ಮೇಲೆ ಅವನು ಕೆಲಸಕ್ಕೆ ಮುಂಚೆ ದಿನಾ ಬೆಳಿಗ್ಗೆ ಒಳಗಿನ ನೀರಿಗೆ ಹೋಗತೊಡಗಿದ. ಹಲಗೆ ಇಲ್ಲ. ಸೊಂಟದ ನೀರಿನಲ್ಲಿ ನಿಲ್ಲುವುದು, ಬೀಳುವುದು. ನಿಲ್ಲುವುದು, ಬೀಳುವುದು. ಮೊದಲ ದಿನ ಪ್ರತಿ ಸಲವೂ ಕಾಲು ನೆಟ್ಟಗಾಗಿ ತಳ ಹುಡುಕಿತು. ಪೆದ್ದಮ್ಮ ದಡದಲ್ಲಿ ಮೀನು ಹರವುತ್ತ, ತಿರುಗಿ ನೋಡದೆಯೇ ಸದ್ದಿನಿಂದಲೇ ಹೇಳುತ್ತಿದ್ದಳು, "ಕಾದು." ಅಲ್ಲ ಎಂದು. ಚೆನ್ನಾಗಿ ಬಿದ್ದರೆ ನೀರು ಚಪ್ಪಾಳೆ ಹೊಡೆದ ಹಾಗೆ ಚಟ್ಟೆನ್ನುತ್ತದೆ, ಕಾಲು ಇಳಿದರೆ ಗುಳುಂ ಎನ್ನುತ್ತದೆ. ಐದು ಜನರ ಕಣ್ಣೆದುರಿಗೆ ಐವತ್ತೆರಡರ ಗಂಡಸು ದಿನಾ ಐವತ್ತು ಸಲ ಗುಳುಂ ಎಂದ.

ನಾಗಲಿಂಗಯ್ಯ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಕೂಗುತ್ತಿದ್ದ. "ಅಡವಣ್ಣ, ಬೀಳದ್ಕೂ ಟ್ರೈನಿಂಗಾ? ನಮ್ ಕಡೆ ಸಾರಾಯಿ ಕುಡ್ದೋರು ಟ್ರೈನಿಂಗ್ ಇಲ್ದೇನೆ ಎಷ್ಟ್ ಚೆನ್ನಾಗ್ ಬೀಳ್ತಾರೆ!"

"ಅವ್ರು ನೆಲಕ್ಕೆ ಬೀಳ್ತಾರೆ ಕಣಪ್ಪ. ಅದು ಸುಲಭ," ಅಂದ ಭಾವ.

ಹತ್ತು ದಿನಕ್ಕೆ ಚಟ್ಟೆನ್ನುವುದು ಹೆಚ್ಚಾಯಿತು. ನಾನೂ ಎರಡು ದಿನ ಇಳಿದು ಅವನನ್ನು ಹಿಂದಿನಿಂದ ಹೇಳದೆ ಕೇಳದೆ ತಳ್ಳಿದೆ. ಹೇಳಿ ತಳ್ಳಿದರೆ ತಲೆ ಬೀಳುತ್ತದೆ, ಹೇಳದೆ ತಳ್ಳಿದರೆ ಮೈ ಬೀಳುತ್ತದೆ ಎಂದು ಅವನೇ ಕಂಡುಕೊಂಡ ಲೆಕ್ಕ. ಅಕ್ಕನಿಗೆ ಕೊಟ್ಟ ಮಾತು ನೆನಪಾದಾಗ ಇನ್ನೂ ಜೋರಾಗಿ ತಳ್ಳಿದೆ.

ಕೆಲಸ ಮುಗಿಯಿತು. ಹೊರಡುವ ಹಿಂದಿನ ದಿನ ಸುದ್ದಿ ಬಂತು, ಸಮುದ್ರ ಮತ್ತೆ ಏಳುತ್ತಿದೆ, ನಮ್ಮ ಹಡಗು ಎರಡು ದಿನ ತಡ. ಎಲ್ಲರೂ ತಲೆ ಮೇಲೆ ಕೈಯಿಟ್ಟುಕೊಂಡರು. ಭಾವ ಎದ್ದು ಹೋಗಿ ಕೋಳಿಗೂಡಿನ ಪಕ್ಕದ ಹಲಗೆಗೆ, ಕಾಲು ಜಾರದ ಹಾಗೆ, ಮೇಣ ತಿಕ್ಕಲು ಕೂತ.

ಮಾರನೆಯ ದಿನ ಹತ್ತು ಗಂಟೆಗೆ ಉಬ್ಬರ. ಪೆದ್ದಮ್ಮ ನೀರು ನೋಡಿ ಹೂಂ ಅಂದಳು. ನಾನು ದಡದಲ್ಲಿ ನಿಂತೆ. ಭಯ ಎರಡು. ಅವನ ಕಾಲು ಮತ್ತೆ ಸೀಳಿದರೆ ಅಕ್ಕನಿಗೆ ಯಾವ ಮುಖ ತೋರಿಸಲಿ ಎಂಬುದು ಒಂದು. ಅವನು ನಿಲ್ಲದೆಯೇ ವಾಪಸು ಬಂದರೆ ಆ ಮುಖವನ್ನು ಊರಿನವರೆಗೆ ನಾಲ್ಕು ದಿನ ಹಡಗಿನಲ್ಲಿ ಹೇಗೆ ನೋಡಲಿ ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದು ಎಂದು ಆವತ್ತು ನನ್ನನ್ನು ಕೇಳಿದ್ದರೆ ಎರಡನೆಯದು ಅನ್ನುತ್ತಿದ್ದೆ.

ಮೊದಲ ಅಲೆಗೆ ಏಳುವ ಮೊದಲೇ ಉರುಳಿದ. ನೊರೆ ಮುಚ್ಚಿತು. ನಾನು ನೀರಿಗೆ ಎರಡು ಹೆಜ್ಜೆ ಹಾಕಿದ್ದೆ. ಅಷ್ಟರಲ್ಲಿ ನೊರೆಯ ಮೇಲೆ ಅವನು ಕಂಡ. ಅಂಗಾತ, ಕೈಕಾಲು ಚಾಚಿ, ಕಣದಲ್ಲಿ ಮಲಗಿದವನ ಹಾಗೆ ತೇಲುತ್ತಿದ್ದ. ಹಲಗೆ ಎಳೆದುಕೊಂಡು ಒಂದು ಕಾಲೆತ್ತಿ ನಮಗೆ ತೋರಿಸಿದ. ಒಂದು ಗೀರೂ ಇಲ್ಲ. ಪೆದ್ದಮ್ಮ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅವಳ ಕೆಲಸ ಅಲ್ಲಿಗೆ ಮುಗಿದಿತ್ತು.

ಎರಡನೆಯದು ತಪ್ಪಿತು. ಮೂರನೆಯದು ಅವನಡಿಯಿಂದ ಜಾರಿಹೋಯಿತು. ನಾಲ್ಕನೆಯದು ಬಂದಾಗ ಅವನು ಬೇಗ ಬೇಗ ಹುಟ್ಟು ಹಾಕಿದ, ಅಲೆ ಎತ್ತಿತು, ಅವನು ಎದ್ದ. ಬಿಳಿಯವನ ಹಾಗೆ ಚೆಂದವಾಗಿ ಅಲ್ಲ. ಮೊಣಕಾಲು ಬಗ್ಗಿಸಿ, ಕುಂಡಿ ಹಿಂದಕ್ಕೆ ಮಾಡಿ, ನಾಟಿ ಹಾಕುವವರ ಹಾಗೆ. ಆದರೆ ಕಾಲು ಎರಡೂ ಹಲಗೆಯ ಮೇಲೆ, ಹಲಗೆ ನೀರಿನ ಮೇಲೆ, ನೀರು ಓಡುತ್ತಿದೆ, ಅವನು ನಿಂತಿದ್ದಾನೆ. ಹಿಂದೆ ಅಲೆ ಮಗುಚುತ್ತ ಬರುತ್ತಿದೆ. ನಾನು ಎಣಿಸಿದೆ. ಒಂದು ಉಸಿರು, ಎರಡು, ಮೂರು, ನಾಲ್ಕು. ಆಮೇಲೆ ಚಟ್ಟೆಂದ ಸದ್ದು ದಡದವರೆಗೆ ಕೇಳಿಸಿತು.

ನಾನು ಟವಲು ಹಿಡಿದು ನಿಂತೆ. ಒಂದೇ ಸಲ ಎಂದಿದ್ದನಲ್ಲ, ಇನ್ನು ಬರುತ್ತಾನೆ ಎಂದು. ಅವನು ಹಲಗೆಯ ಮೇಲೆ ಬೋರಲು ಬಿದ್ದ, ತಿರುಗಿದ, ಆಚೆಗೇ ಹುಟ್ಟು ಹಾಕಿಕೊಂಡು ಹೋದ. ನಾನು ಗಂಟಲು ಹರಿಯುವ ಹಾಗೆ ಕೂಗಿದೆ. "ಭಾವ! ಒಂದ್ಸಲ ಅಂದಿದ್ದೆ! ಬಾ ಈಚೆಗೆ!" ಅಲೆಯ ಸದ್ದಿಗೆ ಕೇಳಿಸಿರಲಿಕ್ಕಿಲ್ಲ. ಕೇಳಿಸಿದ್ದರೂ ಬರುತ್ತಿರಲಿಲ್ಲ. ಮಧ್ಯಾಹ್ನ ಎರಡರವರೆಗೆ ಬಿದ್ದ, ಎದ್ದ, ಬಿದ್ದ. ಮತ್ತೆ ನಿಲ್ಲಲಾಗಲಿಲ್ಲ. ಅದರ ಬೇಸರವೂ ಅವನಿಗೆ ಇದ್ದಂತಿರಲಿಲ್ಲ. ಅನ್ನ ಆರಿತು. ನಾನೂ ಉಣ್ಣದೆ ಕೂತೆ.

ಊರಿಗೆ ಬಂದ ದಿನ ಅಕ್ಕ ಕಾಲು ತೊಳೆಯಲು ನೀರು ಕೊಟ್ಟಳು. ಅಂಗಾಲಿನ ಗುರುತು ಕಂಡಳು. ಅವನನ್ನು ಏನೂ ಕೇಳಲಿಲ್ಲ, ನನ್ನ ಕಡೆ ತಿರುಗಿದಳು. ನಾನು ಎಲ್ಲ ಹೇಳಿದೆ. ಪೆದ್ದಮ್ಮನ ಮಾತು, ನಾನು ಅದಕ್ಕೆ ಕಟ್ಟಿದ ಅರ್ಥ, ನರ್ಸಮ್ಮ, ದಿನಾ ಬಿದ್ದದ್ದು, ಒಂದನ್ನೂ ಮುಚ್ಚಿಡಲಿಲ್ಲ. ಬೈಯಲಿ ಎಂದು ಕಾದೆ. ಅಕ್ಕ ಚೆಂಬು ಹಿಡಿದೇ ನಿಂತಿದ್ದಳು.

"ಕೊನೀಗೆ ನಿಂತ್ಕಂಡ್ರೇನ್ಲಾ?"

"ನಿಂತ ಕಣಕ್ಕ."

"ಎಷ್ಟೊತ್ತು?"

"ನಾಲ್ಕು ಉಸ್ರು."

"ಅಷ್ಟಕ್ಕಾ ಕಾಲು ಕುಯ್ಕಂಡಿದ್ದು!"

ಜಗುಲಿಯ ಮೇಲೆ ಕಾಲು ಒರೆಸಿಕೊಳ್ಳುತ್ತಿದ್ದ ಭಾವ ತಲೆಯೆತ್ತಿದ. "ನಾಲ್ಕಲ್ಲ ಕಣೇ, ಆರು."

"ನಾಲ್ಕೇ. ನಾನು ಎಣಿಸೀನಿ," ಅಂದೆ.

"ನೀನು ದಡದಾಗೆ ನಿಂತು ಎಣ್ಸಿದ್ದು. ಮ್ಯಾಲಿದ್ದೋನು ನಾನು."

ನಾನು ಬಿಡಲಿಲ್ಲ. ಅವನೂ ಬಿಡಲಿಲ್ಲ. ನಮ್ಮಿಬ್ಬರ ಗಲಾಟೆಗೆ ಎದುರುಮನೆಯವರು ಬಾಗಿಲಿಗೆ ಬಂದರು. ಅಕ್ಕ ಅವರಿಗೆ ಏನಾಯಿತೆಂದು ಹೇಳಲು ಹೋದಳು. ಹೋಗುತ್ತ ನನ್ನ ಕಡೆ ನೋಡದೆ, ಅವರಿಗೆ ಕೇಳುವ ಹಾಗೆ, ಆರು ಅಂದಳು.